ಮೆಗ್‌ಳ ಕಿವಿ

ದ್ರಾಕ್ಷಿಗೆ ಬಣ್ಣ ತಿರುಗಿತೆಂದರೆ ದೂರದೇಶದ ಆ ಕಣಿವೆಯಲ್ಲಿ ತೋಟದವರಿಗೂ ಹಕ್ಕಿಗಳಿಗೂ ಯುದ್ಧ. ಹಕ್ಕಿ ಓಡಿಸಲು ಬೇಲಿಯಂಚಿನಲ್ಲಿ ಗ್ಯಾಸ್ ಕೋವಿ ಇಡುತ್ತಾರೆ. ಅದರಲ್ಲಿ ಗುಂಡಿಲ್ಲ, ಆಗಾಗ ತನ್ನಷ್ಟಕ್ಕೆ ತಾನೇ ಢಮ್ಮೆನ್ನುತ್ತದೆ. ಒಂದು ಗುಡ್ಡ ಆ ಸದ್ದನ್ನು ಎತ್ತಿ ಇನ್ನೊಂದು ಗುಡ್ಡಕ್ಕೆ ಎಸೆಯುತ್ತದೆ. ಹಕ್ಕಿಗಳೇನೋ ಗಾಳಿಯಲ್ಲೊಂದು ಸುತ್ತು ಹಾಕಿ ಮತ್ತೆ ಅದೇ ಗೊಂಚಲಿಗೆ ಬಂದು ಕೂರುತ್ತವೆ. ಓಡಿಹೋದದ್ದು ಕುರಿ ಸಾಕುವ ಡಂಕನ್‌ನ ನಾಯಿ ಮಾತ್ರ.

ಮೆಗ್ ಅಂಥಿಂಥ ನಾಯಿಯಲ್ಲ. ಬೊಗಳುವವಳೇ ಅಲ್ಲ. ನೆಲಕ್ಕೆ ಹೊಟ್ಟೆ ತಾಗಿಸಿ, ಬರೀ ದಿಟ್ಟಿಯಿಂದಲೇ ಕುರಿಹಿಂಡನ್ನು ಗುಡ್ಡದ ನೆತ್ತಿಯಿಂದ ಇಳಿಸಿ ತರುವವಳು. ಕೆಳಗೆ ನಿಂತು ಡಂಕನ್ ಸಿಳ್ಳೆ ಹಾಕಿದರೆ ಸಾಕು.

ಕುರಿ ಇಳಿಸುವ ದಿನ ನೆರೆಹೊರೆಯವರೆಲ್ಲ ಬಂದಿದ್ದರು. ಹಿಂಡು ಅರ್ಧ ದಾರಿ ಇಳಿದಿತ್ತು. ಕೆಳಗಿನ ತೋಟದಲ್ಲಿ ಢಮ್! ಮೆಗ್ ಬಾಲ ಮುದುರಿಕೊಂಡು ಮನೆಗೆ ಓಡಿ ನೀರಿನ ತೊಟ್ಟಿಯ ಅಡಿ ಸೇರಿಕೊಂಡಳು. ಹಿಂಡು ಚೆದುರಿ ಬಂದ ದಾರಿಯಲ್ಲೇ ಗುಡ್ಡ ಹತ್ತಿತು.

“ಡಂಕನ್, ನಿನ್ನ ನಾಯಿ ಊಟಕ್ಕೆ ಹೋಯ್ತು ಕಣಯ್ಯಾ. ನಾವೂ ಹೋಗೋಣ್ವಾ?” ಎಂದ ಪಕ್ಕದ ಜಮೀನಿನ ಗಾರ್ತ್.

ಎಲ್ಲರೂ ನಕ್ಕರು. ಡಂಕನ್ ಕೂಡ ನಕ್ಕ. ಆದರೆ ಅವನ ಕಿವಿ ಕೆಂಪಾಗಿತ್ತು.

ಇಂಥ ನಾಯಿಗೆ ಅವನ ಅಪ್ಪನ ಕಾಲದಿಂದಲೂ ಒಂದೇ ಮದ್ದು: ಸದ್ದಿನ ಪಕ್ಕದಲ್ಲೇ ಕಟ್ಟು, ಕೇಳಿ ಕೇಳಿ ಕಿವಿ ಗಟ್ಟಿಯಾಗಲಿ. ಮರುದಿನ ಬೆಳಿಗ್ಗೆ ಮೆಗ್‌ಳನ್ನು ಗ್ಯಾಸ್ ಕೋವಿಯ ಹತ್ತಿರ ಬೇಲಿಗೂಟಕ್ಕೆ ಕಟ್ಟಿ ಬಂದ. ಮಧ್ಯಾಹ್ನ ಬಿಚ್ಚಲು ಹೋದಾಗ ಸರಪಣಿಯ ಮೇಲೆ ರಕ್ತ. ಅವಳ ಒಂದು ಹಲ್ಲು ಮುರಿದಿತ್ತು. ಗೂಟದ ಸುತ್ತ ಮಣ್ಣೆಲ್ಲ ಕೆದರಿಹೋಗಿತ್ತು. ಆಮೇಲೆ ಪಿಕಪ್ಪಿನ ಬಾಗಿಲು ಹಾಕಿದರೂ ಮೆಗ್ ನಡುಗತೊಡಗಿದಳು. ಸಿಳ್ಳೆ ಹಾಕಿದರೆ ತೊಟ್ಟಿಯಡಿಯಿಂದ ಮೂತಿಯನ್ನೂ ತೋರಿಸಲಿಲ್ಲ.

ಕೆಲಸ ಮಾಡದ ನಾಯಿಗೆ ಆ ಸೀಮೆಯಲ್ಲಿ ಕೊಟ್ಟಿಗೆಯ ಹಿಂದೆ ಒಂದು ಗುಂಡು. ಯಾರೂ ಅದನ್ನು ಆಡಿಕೊಳ್ಳುವುದಿಲ್ಲ. ಡಂಕನ್ ಬಂದೂಕು ಕೈಗೆತ್ತಿಕೊಂಡ. ಹೆಂಡತಿ ಐಲ್ಸಾ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಿಗೆ ಅಡ್ಡ ನಿಂತಳು.

“ಟಗರು ನೋಡೋಕೆ ಹೂಯಾ ಬರ್ತಾಳೆ ಇವತ್ತು. ಮೊದ್ಲು ಅವಳು ಮೆಗ್‌ನ ನೋಡ್ಲಿ.”

“ನೋಡಿ ಏನ್ ಮಾಡ್ತಾಳೆ? ಪುಕ್ಕಲು ಪುಕ್ಕಲೇ.”

“ಹಾಗಾದ್ರೆ ನನ್ನ ದಾಟ್ಕೊಂಡು ಹೋಗು.”

ಡಂಕನ್ ದಾಟಲಿಲ್ಲ. ಐಲ್ಸಾಳನ್ನು ದಾಟಿದವರು ಆ ಮನೆಯಲ್ಲಿ ಯಾರೂ ಇಲ್ಲ.

ಹೂಯಾ ಆ ಕಣಿವೆಯ ಪಶುವೈದ್ಯೆ. ಬಂದವಳೇ ಟಗರುಗಳನ್ನು ಬಿಟ್ಟು ತೊಟ್ಟಿಯ ಪಕ್ಕ ಅಂಗಾತ ಮಲಗಿ, ನಾಯಿಯ ಕಡೆ ತಿರುಗದೆ ಆಕಾಶ ನೋಡತೊಡಗಿದಳು. ಎಷ್ಟೋ ಹೊತ್ತಿನ ಮೇಲೆ ಮೆಗ್ ತಾನಾಗಿಯೇ ತೆವಳಿ ಬಂದು ಅವಳ ತೋಳು ಮೂಸಿದಳು. ಹೂಯಾ ಮೆಲ್ಲಗೆ ಅವಳ ಬೆನ್ನ ಮೇಲೆ ಕೈಯಾಡಿಸಿದಳು. ಕೈ ಸೊಂಟಕ್ಕೆ ಬಂದದ್ದೇ ಮೆಗ್ ತಟ್ಟನೆ ಕತ್ತು ತಿರುಗಿಸಿ ತುಟಿ ನೆಕ್ಕಿಕೊಂಡಳು.

“ಇಲ್ಲೇನಾಗಿತ್ತು?”

“ಚಳಿಗಾಲದಲ್ಲಿ ಪಿಕಪ್ಪಿಂದ ಬಿದ್ದಿದ್ಳು,” ಎಂದಳು ಐಲ್ಸಾ. “ಎದ್ದು ಓಡಿದ್ಳಲ್ಲ, ಸುಮ್ಮನಾದ್ವಿ.”

“ನೋವು ಇನ್ನೂ ಹೋಗಿಲ್ಲ. ಸದ್ದಿಗೆ ಬೆಚ್ಚಿದಾಗ ಮೈ ಬಿಗಿಯುತ್ತೆ, ಸೊಂಟ ಚುಳುಕ್ ಅನ್ನುತ್ತೆ. ಢಮ್ ಅಂದ್ರೆ ನೋವು ಅಂತ ಅವಳ ತಲೇಲಿ ಕೂತಿರಬಹುದು. ಹೆದರೋ ನಾಯಿಗೆಲ್ಲ ನೋವೇ ಇರುತ್ತೆ ಅಂತಲ್ಲ. ಆದ್ರೆ ಮೊದ್ಲು ಅದನ್ನ ನೋಡ್ಬೇಕು.”

“ಕೋವಿ ಪಕ್ಕ ಕಟ್ಟಿದ್ರೂ ಬುದ್ಧಿ ಬರ್ಲಿಲ್ಲ,” ಎಂದು ಗೊಣಗಿದ ಡಂಕನ್.

“ಓಡಿಹೋಗೋಕೂ ಬಿಡದೆ ಹೆದರಿಸಿದ್ರೆ ಹೆದರಿಕೆ ಹೆಚ್ಚುತ್ತೆ ಮಾರಾಯಾ. ಗುಡ್ಡದಾಚೆ ನೀನು ಹಾಕೋ ಸಿಳ್ಳೆ ಕೇಳೋ ಕಿವಿ ನಿನಗೆ ಬೇಕು, ಆದ್ರೆ ಅದೇ ಕಿವಿಗೆ ಢಮ್ ಕೇಳಬಾರದು ಅಂದ್ರೆ ಹೇಗೆ?”

“ಹಾಗಂತ ಮುದ್ದು ಮಾಡ್ತಾ ಕೂರ್ಲಾ? ಇನ್ನೂ ಪುಕ್ಕಲಾಗ್ತಾಳೆ.”

“ನಿನ್ನ ಮಗಳು ಸಣ್ಣೋಳಿದ್ದಾಗ ಗುಡುಗಿಗೆ ಹೆದರಿ ಓಡಿಬಂದ್ರೆ ಬೇಲಿಗೆ ಕಟ್ತಿದ್ಯಾ?”

“ಎಲ್ಲಿ,” ಎಂದಳು ಐಲ್ಸಾ. “ಗುಡುಗಿದ್ರೆ ಇವನೇ ಅವಳಿಗಿಂತ ಮೊದ್ಲು ಕಂಬಳಿ ಹೊದ್ಕೋತಿದ್ದ.”

ಡಂಕನ್ ಬಂದೂಕನ್ನು ಒಳಗಿಟ್ಟು ಬಂದ. “ಏನ್ ಮಾಡ್ಬೇಕು, ಹೇಳು,” ಎಂದ.

ಹೂಯಾ ನೋವಿಗೆ ಔಷಧಿ ಕೊಟ್ಟಳು. ದ್ರಾಕ್ಷಿ ಕೊಯ್ಲು ಮುಗಿಯುವವರೆಗೆ ಮೆಗ್‌ಗೆ ಗುಡ್ಡದ ಕೆಲಸ ಬೇಡವೆಂದಳು. ಅವಳ ಗೂಡನ್ನು ಕೊಟ್ಟಿಗೆಯ ಆಚೆ ಮಗ್ಗುಲಿಗೆ, ಸದ್ದು ಕಡಿಮೆಯಿರುವಲ್ಲಿಗೆ ಸರಿಸಿದರು. ಡಂಕನ್‌ಗೆ ಇನ್ನೊಬ್ಬರನ್ನು ಕೇಳುವುದೆಂದರೆ ಗಂಟಲಿಗೆ ಮುಳ್ಳು. ಆದರೂ ಒಂದು ತೊಡೆ ಕುರಿಮಾಂಸ ಹಿಡಿದು ತೋಟದವನ ಮನೆಗೆ ಹೋದ. “ಮೊದ್ಲೇ ಹೇಳಬಾರದಿತ್ತಾ?” ಎಂದ ತೋಟದವನು ಕೋವಿಯನ್ನು ದೂರದ ಅಂಚಿಗೆ ಇಡಿಸಿದ.

ಮೆಗ್‌ಳ ಸೊಂಟದ ನೋವು ಇಳಿದ ಮೇಲೆ ಪಾಠ ಶುರುವಾಯಿತು. ಅಂಗಳದ ಆ ತುದಿಯಲ್ಲಿ ಐಲ್ಸಾ ಪಾತ್ರೆಯ ಮುಚ್ಚಳವನ್ನು ಮೆಲ್ಲಗೆ ಟಿಣ್ ಎನಿಸುವಳು. ಸದ್ದಾದ ಕೂಡಲೇ ಡಂಕನ್ ಬೇಯಿಸಿದ ಈಲಿಯ, ಅಂದರೆ ಕುರಿಯ ಲಿವರಿನ, ಚೂರು ಕೊಡುವನು. ಮೊದಲು ಸದ್ದು, ಹಿಂದೆಯೇ ಈಲಿ. ಮೆಗ್ ತಿಂದರೆ ಸರಿ. ತಿನ್ನದೆ ಮುಖ ತಿರುಗಿಸಿದರೆ ಸದ್ದು ಜಾಸ್ತಿಯಾಯಿತೆಂದು ಅರ್ಥ. ಐಲ್ಸಾ ಇನ್ನಷ್ಟು ದೂರ ಹೋಗಬೇಕು.

ಒಂದು ದಿನ ಡಂಕನ್‌ಗೆ ತಾಳ್ಮೆ ತಪ್ಪಿತು. “ಜೋರಾಗಿ ಬಡಿಯೇ!” ಎಂದ. ಐಲ್ಸಾ ಬಡಿದಳು. ಮೆಗ್ ತೊಟ್ಟಿಯಡಿ ಮಾಯ. ಡಂಕನ್ ಬೈಯಲಿಲ್ಲ, ಎಳೆಯಲಿಲ್ಲ. ಟೋಪಿ ತೆಗೆದಿಟ್ಟು ಅವಳು ಹೊರಬರುವವರೆಗೂ ಹುಲ್ಲಿನ ಮೇಲೆ ಕೂತಿದ್ದ. ಮರುದಿನ ಮತ್ತೆ ದೂರದಿಂದ, ಮೆಲ್ಲನೆಯ ಟಿಣ್‌ನಿಂದ ಶುರುಮಾಡಿದ. ಹಿಡಿದ ಹಟ ಬಿಡಲಿಲ್ಲ.

ಮುಂದಿನ ವರ್ಷ ದ್ರಾಕ್ಷಿಗೆ ಬಣ್ಣ ಬಂತು. ಕುರಿ ಇಳಿಸುವ ದಿನವೂ ಬಂತು. ಹಿಂಡು ಅರ್ಧ ದಾರಿ ಇಳಿದಾಗ ಗಾಳಿ ಎಲ್ಲಿಂದಲೋ ಒಂದು ಢಮ್ ಹೊತ್ತು ತಂದಿತು.

ಮೆಗ್ ನೆಲಕ್ಕೆ ಅಂಟಿಕೊಂಡಳು. ಗುಡ್ಡದ ಮೇಲೆ ಎಲ್ಲರೂ ನಿಂತಲ್ಲೇ ನಿಂತರು. ಡಂಕನ್ ಸಿಳ್ಳೆ ಹಾಕಹೋದರೆ ತುಟಿ ಒಣಗಿ ಬರೀ ಗಾಳಿ ಹೊರಟಿತು.

ಮೆಗ್ ಕತ್ತು ಹೊರಳಿಸಿದಳು. ಮನೆಯ ಕಡೆಗಲ್ಲ, ಅವನ ಕಡೆಗೆ.

ಅವನು ತುಟಿ ನೆಕ್ಕಿಕೊಂಡು ಮೆಲ್ಲನೆ ಸಿಳ್ಳೆ ಹಾಕಿದ. ಅವಳು ಮೈ ಕೊಡವಿ ಎದ್ದು ಹಿಂಡಿನ ಹಿಂದೆ ಹೊರಟಳು.

“ಏನಯ್ಯಾ, ಇವತ್ತು ಊಟಕ್ಕೆ ಹೋಗಲ್ವಂತಾ?” ಎಂದು ಕೂಗಿದ ಗಾರ್ತ್.

“ಹೋಗ್ತಾಳೆ, ಕುರಿ ಇಳಿದ್ಮೇಲೆ,” ಎಂದ ಡಂಕನ್, ಜೇಬಿನಲ್ಲಿದ್ದ ಈಲಿಯ ಚೂರು ಮುಟ್ಟಿ ನೋಡಿಕೊಳ್ಳುತ್ತ. “ಮೊದ್ಲು ಅವಳ ಊಟ, ಆಮೇಲೆ ನಿಂದು.”

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಹಟ್ಟಿ ಕಾಯುವ ನಾಯಿಯೂ ಗುಡುಗಿಗೋ ಪಟಾಕಿಗೋ ಮಂಚದಡಿ ನುಗ್ಗುತ್ತಿರಬಹುದು. ಬೈಯಬೇಡಿ, ಹೊಡೆಯಬೇಡಿ, ಸದ್ದಿನ ಹತ್ತಿರ ಕಟ್ಟಲೇಬೇಡಿ. ಅಡಗಲು ಅದಕ್ಕೊಂದು ಮೂಲೆ ಬಿಡಿ. ಪಶುವೈದ್ಯರಿಗೆ ತೋರಿಸಿ. ಎಲ್ಲ ನಾಯಿಗಳೂ ಮೆಗ್‌ಳಷ್ಟು ಸುಧಾರಿಸಲಿಕ್ಕಿಲ್ಲ. ಹುಟ್ಟಿನಿಂದಲೇ ಅಂಜುವ ನಾಯಿಗಳೂ ಇವೆ, ಅಂಥವುಗಳಿಂದ ಮರಿ ಮಾಡಿಸುವುದು ಬೇಡ. ಆದರೆ ಯಾವ ನಾಯಿಯೂ ಬೇಕೆಂದೇ ಹೆದರುವುದಿಲ್ಲ. ಇವತ್ತು ಸಂಜೆ ಅನ್ನ ಹಾಕುವಾಗ ಅದರ ಬೆನ್ನ ಮೇಲೆ ಒಮ್ಮೆ ಮೆಲ್ಲಗೆ ಕೈಯಾಡಿಸಿ ನೋಡಿ. ಎಲ್ಲಾದರೂ ನೋವಿಗೆ ಅದು ತಟ್ಟನೆ ತಿರುಗಿ ನಿಮ್ಮ ಮುಖ ನೋಡುತ್ತದೆಯೇ?