ಬುಗುರಿ ತಾತನ ಗಾಳಿಮುಖವಾಡ

ಬುಗುರಿ ತಾತನಿಗೆ ಮೂಗಿನ ತುದಿಯಲ್ಲೇ ಕೋಪ. ಹಾಗಾಗಿ ಕಣ್ಣಿನ ಡಾಕ್ಟರು ಅವನನ್ನು ಹೊರಗೆ ಕೂರಿಸಿ, ಮಾತನ್ನೆಲ್ಲ ಅವನ ಹೆಂಡತಿಯ ಜೊತೆಯೇ ಆಡಿದರು. ಕಣ್ಣಿನ ಒತ್ತಡ ಜಾಸ್ತಿಯಾಗಿದೆ, ನರ ಸೊರಗುತ್ತಿದೆ, ನೋಟ ಅಂಚಿನಿಂದ ಸವೆದುಕೊಂಡು ಬರಬಹುದು, ಸವೆದದ್ದು ಅವರಿಗೇ ತಿಳಿಯುವುದಿಲ್ಲ. ತಿಳಿದ ದಿನ ಮರ ಕಡೆಯುವ ಲೇತ್ ಬಿಡಬೇಕು, ತಿರುಗುವ ಮರಕ್ಕೆ ಬೆರಳು ಕೊಡುವುದು ಬೇಡ ಅಂದರು. ಎದೆಯ ಡಾಕ್ಟರದು ಬೇರೆಯೇ ಪಾಠ: ಮರದ ದೂಳು ಇನ್ನು ಒಳಗೆ ಹೋಗಕೂಡದು, ಬ್ಯಾಟರಿಯಿಂದ ಗಾಳಿ ಸೋಸಿ ಕೊಡುವ ಮುಖವಾಡವೇ ಆಗಬೇಕು.

ಲೇತ್ ಬಿಡುವ ಮಾತೆತ್ತಿದರೆ ತಾತ ಉರಿದುಬೀಳುತ್ತಿದ್ದ. ಮೇಜಿನ ಕಾಲು, ಮಂಚದ ಕಂಬ, ಮಿಕ್ಕ ತುಂಡಿನಲ್ಲಿ ಓಣಿಯ ಮಕ್ಕಳಿಗೆ ಬುಗುರಿ. ಅದು ಬಿಟ್ಟರೆ ಪುಣ್ಯಾತ್ಮನಿಗೆ ಇನ್ನೇನೂ ಬಾರದು, ಕೂತು ನಾಲ್ಕು ಜನರ ಜೊತೆ ಹರಟೆ ಹೊಡೆಯುವುದು ಕೂಡ.

ಮುಖವಾಡ ಕೊಳ್ಳಲು ಹೋದ ಅಂಗಡಿಯಲ್ಲಿ ಅವನು ಮಾಡಿದ ರಗಳೆ ಅಷ್ಟಿಷ್ಟಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ ಮುಖವಾಡ ಕಣ್ಣಿನ ಸುತ್ತ ಒತ್ತಿತು. ಬರೀ ಮೂಗು ಬಾಯಿ ಮುಚ್ಚುವುದು ಕನ್ನಡಕವನ್ನು ಮೇಲಕ್ಕೆ ತಳ್ಳಿತು. ಮೂರನೆಯದು ಹಗುರ, ಮುಂದೆ ಪಾರದರ್ಶಕ ಪರದೆ, ಆದರೆ ಮೇಲಿನಿಂದ ಬೀಸುವ ಗಾಳಿ ನೇರ ಕಣ್ಣಿಗೇ ಹೊಡೆದು, ಗುಡ್ಡೆ ಒಣಗಿ ಚುರುಗುಟ್ಟಿತು. ಅಂಗಡಿಯವನು ತಾಳ್ಮೆಯಿಂದ ಒಳಗಿನ ತಟ್ಟೆ ತಿರುಗಿಸಿ ಗಾಳಿಯನ್ನು ಕೆನ್ನೆಯ ಕಡೆ ಹಾಯಿಸಿದ. ತಾತ ಲೇತಿನ ಮುಂದೆ ನಿಲ್ಲುವ ಹಾಗೆಯೇ ಬಗ್ಗಿ ನೋಡಿದ, ಬ್ಯಾಟರಿಯನ್ನು ಸೊಂಟದಲ್ಲಿ ಹಿಂದಕ್ಕೆ ಸರಿಸಿದ, ಕಣ್ಣು ಮಿಟುಕಿಸಿದ. ಉರಿಯಿಲ್ಲ. ಮುಖ ಅರಳಿತು. ಅವನಿಗೆ ಕಣ್ಣು ಒಣಗುತ್ತದೆ ಎಂದಷ್ಟೇ ಕಣ್ಣಿನ ಡಾಕ್ಟರೂ ಹೆಂಡತಿಯೂ ಹೇಳಿದ್ದರು, ನೋಟ ಸವೆಯುವ ಸಂಗತಿ ಬಾಯಿಬಿಟ್ಟಿರಲಿಲ್ಲ.

ಆಮೇಲೆ ತಾತನ ಜಂಬ ಕೇಳಬೇಕಿತ್ತು. ಕೆಮ್ಮಿದರೂ ದೂಳಿನದಲ್ಲ, ವಯಸ್ಸಿನದು ಎನ್ನುವನು. ಸೋಸುವ ಡಬ್ಬಿ ಬದಲಾಯಿಸೋಣವೇ ಎಂದು ಹೆಂಡತಿ ಕೇಳಿದಾಗಲೆಲ್ಲ ಒಂದೇ ಉತ್ತರ: ಗಾಳಿ ಕಮ್ಮಿಯಾದರೆ ಗದ್ದದ ಹತ್ತಿರ ಕೆಂಪು ದೀಪ ಹತ್ತುತ್ತದೆ, ಒಂದು ದಿನವೂ ಹತ್ತಿಲ್ಲ, ಮಾಲು ಅಂದರೆ ಮಾಲು.

ಒಂದು ಮಧ್ಯಾಹ್ನ ಅವಳು ಟೀ ಹಿಡಿದುಕೊಂಡು ಬಂದಳು. ತಾತ ಕಂಬವೊಂದಕ್ಕೆ ಉಳಿ ಕೊಟ್ಟು ನಿಂತಿದ್ದ. ಪರದೆಯೊಳಗೆ, ಗದ್ದದ ಪಕ್ಕ, ಕೆಂಪು ದೀಪ ನಿಗಿನಿಗಿ ಉರಿಯುತ್ತಿತ್ತು. ಅದರ ಜೊತೆಗಿನ ಸಣ್ಣ ಪೀಪಿ ಸದ್ದು ಲೇತಿನ ಅಬ್ಬರದಲ್ಲಿ ಎಲ್ಲಿ ಕೇಳಬೇಕು. ಅವಳು ತಾನೇ ಹೋಗಿ ಲೇತಿನ ಸ್ವಿಚ್ ಆರಿಸಿದಳು.

"ಎಷ್ಟು ಹೊತ್ತಾಯ್ತುರೀ ಇದು ಹತ್ತಿ?"

"ಯಾವುದು?" ಅಂದ ತಾತ.

ಕಣ್ಣು ಕೆಳಗಿಳಿಸಿ ನೋಡಿ ಅಂದಳು. ಇಳಿಸಿದಾಗ ಕಂಡಿತು. ಮತ್ತೆ ನೇರಕ್ಕೆ, ಉಳಿಯ ಮೊನೆಗೆ, ನೋಟ ತಂದ. ದೀಪ ಇಲ್ಲ. ಇನ್ನೊಮ್ಮೆ ಇಳಿಸಿದ, ಇನ್ನೊಮ್ಮೆ ತಂದ. ಡಬ್ಬಿ ಬಿಚ್ಚಿದರೆ ಒಳಗೆ ದೂಳು ಹಿಟ್ಟಿನಂತೆ ಗಟ್ಟಿಯಾಗಿ ಕೂತಿತ್ತು. ಎಷ್ಟೋ ದಿನದಿಂದ ದೀಪ ಹತ್ತಿಯೇ ಇದ್ದಿರಬೇಕು. ನೋಟದ ಕೆಳ ಅಂಚು ಸವೆದುಹೋಗಿದೆಯೆಂದು ಇಬ್ಬರಿಗೂ ಅರ್ಥವಾಯಿತು.

ತಾತ ಹೊಸ ಡಬ್ಬಿ ಸಿಕ್ಕಿಸಿದ. "ಡಾಕ್ಟರಿಗೆ ಹೇಳ್ಬೇಡ. ನೀನು ಇಲ್ಲೇ ಕೂತಿರು. ಹತ್ತಿದ್ರೆ ಕೈ ಎತ್ತು, ಅಷ್ಟೇ."

ಬೇಡ ಅನ್ನಬೇಕಿತ್ತು ಅವಳು. ಜೀವಮಾನದಲ್ಲಿ ಹೀಗೆ ಬೇಡಿಕೊಂಡವನಲ್ಲ ಅವನು, ಅನ್ನಲಾಗಲಿಲ್ಲ. ಸ್ಟೂಲ್ ಎಳೆದುಕೊಂಡು ಲೇತಿನ ಆಚೆ ಬದಿ, ಅವನಿಗೆ ಎದುರಾಗಿ ಕೂತಳು.

ಮರ ತಿರುಗಿತು, ದೂಳು ಎದ್ದಿತು. ಅವಳು ಅವನ ಗದ್ದದಿಂದ ಕಣ್ಣು ಕೀಳದೆ ಕರವಸ್ತ್ರ ಮೂಗಿಗೆ ಒತ್ತಿಕೊಂಡಳು. ಸ್ವಲ್ಪ ಹೊತ್ತಿಗೆ ಭುಜ ಕುಲುಕತೊಡಗಿತು, ಕೆಮ್ಮನ್ನು ನುಂಗುತ್ತಿದ್ದಳು. ಅವಳು ಕೂತದ್ದು ನೇರ ಎದುರಿಗೆ, ತಾತನ ನೋಟ ಇನ್ನೂ ಗಟ್ಟಿಯಾಗಿದ್ದ ಜಾಗದಲ್ಲಿ. ಅವಳ ಹುಬ್ಬಿನ ಮೇಲೆ ಕೂತ ದೂಳೂ ಅವನಿಗೆ ಚೆನ್ನಾಗಿ ಕಂಡಿತು.

ಅವನಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು. ಲೇತ್ ಆರಿಸಿದ, ಮುಖವಾಡ ತೆಗೆದ.

"ಏಳು," ಅಂದ. "ಸಾಕು."

"ಕಂಬ ಅರ್ಧಕ್ಕೇ ನಿಂತಿದೆಯಲ್ರೀ."

"ಯಾರಾದ್ರೂ ಮುಗಿಸ್ತಾರೆ," ಅಂದು ಅವನು ಅವಳ ಹುಬ್ಬಿನ ದೂಳನ್ನು ಹೆಬ್ಬೆರಳಿನಿಂದ ಒರೆಸಿದ.