ಟೋಕನ್ ಹಾಕಿದ ಗಾಡಿ

ಪಕ್ಕದ ಮನೆಯ ನೂಲಿನ ಮೋಟರು ಶುರುವಾಯಿತು, ಅಂದರೆ ಆರೂವರೆ, ಅಂದರೆ ಅವರ ಬೇಸನ್ನಿನಲ್ಲಿ ನೀರು ಕುದಿಯುತ್ತಿದೆ, ರೇಷ್ಮೆಗೂಡು ಬೇಯುವ ವಾಸನೆ ಇನ್ನೇನು ಗೋಡೆ ದಾಟಿ ಬರುತ್ತದೆ, ಬಂತು, ಮದುವೆಯಾಗಿ ರಾಮನಗರದ ಈ ಓಣಿಗೆ ಬಂದ ಮೊದಲ ತಿಂಗಳು ಈ ವಾಸನೆಗೆ ವಾಂತಿ ಮಾಡಿಕೊಳ್ಳುತ್ತಿದ್ದೆ, ಈಗ ಮೂರು ದಿನ ಅದಿಲ್ಲದೆ ಮನೆಯಲ್ಲಿ ಏನೋ ಕಳೆದುಹೋದ ಹಾಗಿತ್ತು — ಕಳೆದುಹೋಗಿದ್ದು ಅದಲ್ಲ, ಗೊತ್ತು — ಮೂರು ದಿನ ಅವರೂ ಮರ್ಯಾದೆಗೆ ಮೋಟರು ನಿಲ್ಲಿಸಿದ್ದರು, ನಿನ್ನೆ ಮೂರನೆಯ ದಿನದ ಜಿಯಾರತ್ ಮುಗಿಯಿತು, ಚನ್ನಪಟ್ಟಣದಿಂದ ಬಂದಿದ್ದ ನಮ್ಮಕ್ಕ, ಚಿಕ್ಕಮ್ಮಂದಿರು ಎಲ್ಲ ಸಂಜೆಯ ಬಸ್ಸಿಗೆ ಹೋದರು, ಇವತ್ತು ಬರೀ ಗುರುವಾರ, ಎಲ್ಲರಿಗೂ ಬರೀ ಗುರುವಾರ. ನಮ್ಮ ಮೋಟರು ಸುಮ್ಮನಿದೆ. ಅದರ ಮೇಲೆ ಮುನಾವರನ ಟವೆಲ್ಲು ಒಣಗಿ ಹಪ್ಪಳವಾಗಿದೆ, ಭಾನುವಾರ ಬೆಳಗ್ಗೆ ಹಾಕಿ ಹೋದದ್ದು, ತೆಗೆಯಬೇಕು, ತೆಗೆಯುವುದಿಲ್ಲ. ಬೇಟಿ, ಚಹಾ ಆರುತ್ತೆ ಅಂತ ಅತ್ತೆ ಅಖ್ತರಿ ಎರಡನೆಯ ಸಲ ಅಂದರು, ಮಗನನ್ನು ಮಣ್ಣಿಗೆ ಕಳಿಸಿ ಕೂತವರು ಚಹಾ ಆರುವುದನ್ನು ನೋಡಲಾರರು, ಕುಡಿದೆ, ಸಕ್ಕರೆ ಇತ್ತೋ ಇಲ್ಲವೋ. ಇನ್ನು ನಾಲ್ಕು ತಿಂಗಳು ಹತ್ತು ದಿನ ನಾನು ಈ ಹೊಸ್ತಿಲು ದಾಟುವುದಿಲ್ಲ, ಗಂಡ ಸತ್ತವಳ ಇದ್ದತ್, ಕಾಲೇಜಿಗೆ ಯಾರೋ ಹೇಳಿದ್ದಾರಂತೆ, ಅತಿಥಿ ಉಪನ್ಯಾಸಕಿಗೆ ಅಷ್ಟು ರಜೆ ಯಾರು ಕೊಡುತ್ತಾರೆ, ಕೊಡದಿದ್ದರೆ ಬೇಡ. ಎಂ.ಎ. ಓದಿದ ತಲೆಯಲ್ಲಿ ಈಗ ಒಂದೇ ಒಂದು ಪ್ರಶ್ನೆ ಇದೆ, ಮೂರು ದಿನದಿಂದ ಅದೊಂದೇ. ಟಿಪ್ಪರು ಬಂದು ಹೊಡೆದಾಗ ಅವನು ಕಾರು ನೋಡಲು ಹೋಗುತ್ತಿದ್ದನೋ, ವಾಪಸ್ಸು ಬರುತ್ತಿದ್ದನೋ. ಮಾಗಡಿಯ ಆ ವಿಳಾಸದಲ್ಲಿ ಕಾರೇ ಇಲ್ಲ, ಬರೀ ತೆಂಗಿನ ತೋಟ, ಅಕ್ಕ ವಿಚಾರಿಸಿ ನನ್ನ ಕಿವಿಗಷ್ಟೇ ಹೇಳಿದಳು. ಹೋಗುತ್ತಿದ್ದರೆ ಕಾರು ಇದೆ ಅಂದುಕೊಂಡೇ ಹೋದ. ಬರುತ್ತಿದ್ದರೆ — ಬರುತ್ತಿದ್ದರೆ ಗೊತ್ತಿತ್ತು. ಮಾಗಡಿ ರಸ್ತೆ ಅಂದ ಪೊಲೀಸಪ್ಪನನ್ನು ಯಾವ ಕಡೆಗೆ ಮುಖ ಮಾಡಿತ್ತು ಬೈಕು ಅಂತ ಅಕ್ಕನ ಕೈಲಿ ಕೇಳಿಸಿದೆ, ಹಳ್ಳದಲ್ಲಿ ಬಿದ್ದಿತ್ತಮ್ಮ, ಹಳ್ಳದಲ್ಲಿ ಬಿದ್ದ ಬೈಕಿಗೆ ಯಾವ ಮುಖ ಅಂದನಂತೆ.

ಕಾರು ಬೇಕು ಅಂದವಳು ನಾನೇ. ಮಾಗಡಿಗೆ ರೈಲಿಲ್ಲ, ಬಸ್ಸೇ, ವಾರಕ್ಕೆ ಮೂರು ದಿನ ನಿಂತೇ ಹೋಗಿ ನಿಂತೇ ಬರುವುದು, ಆವತ್ತು ಯಾರೋ ಬೂಟುಕಾಲಲ್ಲಿ ತುಳಿದು ಉಗುರು ಎದ್ದಿತ್ತು, ಕಾಲನ್ನು ಬಿಸಿನೀರಲ್ಲಿ ಇಟ್ಟುಕೊಂಡು ಒಂದು ಹಳೇ ಕಾರಾದರೂ ಇದ್ದಿದ್ದರೆ ಅಂದೆ, ಸುಮ್ಮನೆ ಅಂದೆ, ಅವನು ಸುಮ್ಮನೆ ಕೇಳಲಿಲ್ಲ. ಹತ್ತೇ ದಿನಕ್ಕೆ ಫೋನು ಹಿಡಿದು ಓಡಿಬಂದ, ನೋಡು ನಿಖಾತ್, ಬಿಳೀದು, ಹೆಂಗೆ ಹೊಳೀತಿದೆ, ನೀನು ಪಾಠ ಮಾಡೋ ಊರಲ್ಲೇ ಸಿಕ್ತು, ಇನ್ನಿಬ್ಬರು ಪಾರ್ಟಿ ಕಾಯ್ತಾ ಇದ್ದಾರಂತೆ, ಟೋಕನ್ ಹಾಕಿದವರಿಗೆ ಗಾಡಿಯಂತೆ. ಫೋಟೋದಲ್ಲಿ ಕಾರಿನ ಹಿಂದೆ ತೆಂಗಿನ ಮರಗಳು, ಮಾಗಡಿಯಲ್ಲಿ ಯಾವ ಮನೆಯ ಹಿಂದೆ ತೆಂಗಿಲ್ಲ. ನೋಡದೆ ದುಡ್ಡು ಹಾಕೋದಾ ಅಂದೆ. ಅರೆ, ಗೂಡಿನ ಮಾರ್ಕೆಟ್ಟಲ್ಲಿ ಹೆಂಗೆ ಅಂದ, ಮೊದಲು ಮುಂಗಡ ಕಟ್ಟು, ಆಮೇಲೆ ಹರಾಜಿಗೆ ಇಳಿ, ಲಾಟು ಇಷ್ಟ ಆಗ್ಲಿಲ್ವಾ, ಬಿಡು, ನಿನ್ನ ದುಡ್ಡು ನಿನ್ನದೇ, ಹನ್ನೊಂದು ವರ್ಷದಿಂದ ಕಟ್ತಾ ಇದೀನಿ, ಒಂದು ರೂಪಾಯಿ ಹೋಗಿದೆಯಾ. ಹೋಗಿರಲಿಲ್ಲ. ಅಲ್ಲಿ ಸರ್ಕಾರದ ಗುಮಾಸ್ತ ಕೂತಿರುತ್ತಾನೆ, ಇಲ್ಲಿ ಒಂದು ನಂಬರು ಕೂತಿದೆ, ಅಷ್ಟು ಹೇಳಬಹುದಿತ್ತು, ನಾಲಿಗೆ ತುದಿಯಲ್ಲಿತ್ತು, ಅವನ ಮುಖ ನೋಡಿ ನುಂಗಿದೆ. ಒಂದು ತಟ್ಟೆ ಗೂಡು ಕೊಳ್ಳಲು ತಳದವರೆಗೂ ಕೈ ಇಳಿಸಿ ಹಿಡಿ ತೆಗೆಯುವವನು, ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳ ಸತ್ತಿದೆಯೋ ಇದೆಯೋ ಹೇಳುವವನು, ಮೇಲೆ ಚೆಂದದ್ದು ಇಟ್ಟು ಕೆಳಗೆ ಕಲೆಯದ್ದು ತುಂಬಿದ್ದರೆ ರೈತನಿಗೆ ಏನ್ ಯಜಮಾನ್ರೇ, ಮೇಲೆ ಮದುವಣಗಿತ್ತಿ ಕೆಳಗೆ ಮುದುಕಿ ಅಂತ ನಗಿಸುವವನು. ಆ ಕೈಗೆ ಫೋಟೋದಲ್ಲಿ ತಳ ಸಿಗಲಿಲ್ಲ. ದುಡ್ಡು ಕಳಿಸಲು ಬೆರಳಚ್ಚು ಒತ್ತಿದ, ಫೋನು ಒಪ್ಪಲಿಲ್ಲ, ಕುದಿನೀರಲ್ಲಿ ಎಳೆ ಹುಡುಕಿ ಹುಡುಕಿ ಅವನ ಬೆರಳ ತುದಿಯ ಗೆರೆಗಳೆಲ್ಲ ಅಳಿಸಿವೆ, ನೀನೇ ಒತ್ತು ಅಂತ ನನ್ನ ಮುಂದೆ ಹಿಡಿದ, ಪಿನ್ ಒತ್ತಿದವಳು ನಾನು, ಇಪ್ಪತ್ತೈದು ಸಾವಿರ, ಠಣ್ ಅಂತ ಸದ್ದಾಯಿತು, ಇಬ್ಬರೂ ನಕ್ಕೆವು. ಮತ್ತೆ — ಇದನ್ನು ಯಾರಿಗೂ ಹೇಳಿಲ್ಲ — ಮಾರನೆಯ ದಿನ ನಾನು ಮಾಗಡಿಯಲ್ಲೇ ಇದ್ದೆ. ಕಾಲೇಜಿನಿಂದ ಹತ್ತು ನಿಮಿಷ ನಡೆದರೆ ಅವರು ಕೊಟ್ಟ ವಿಳಾಸ. ಒಂದ್ಸಲ ಹೋಗಿ ನೋಡ್ಕೊಂಡು ಬರ್ತೀಯಾ ಅಂತ ಫೋನು ಮಾಡಿದ್ದ. ನಾಲ್ಕೂಕಾಲಿನ ಬಸ್ಸು ತಪ್ಪುತ್ತೆ, ಭಾನುವಾರ ನೀನೇ ಹೋಗು ಅಂದೆ. ಆವತ್ತು ಬಸ್ಸಲ್ಲಿ ಕೂರಲು ಸೀಟು ಸಿಕ್ಕಿತ್ತು. ಕಿಟಕಿ ಪಕ್ಕ.

ಫೋನು ಹೊಡೆದುಕೊಳ್ಳುತ್ತಿದೆ, ನನ್ನದಲ್ಲ, ಅವನದು, ಬೆಳಗ್ಗೆ ಅತ್ತೆಯೇ ಚಾರ್ಜಿಗೆ ಹಾಕಿಸಿದ್ದು, ನೂಲಿನವರು ಯಾರಾದರೂ ಮಾಡ್ತಾರೆ ಬೇಟಿ, ಯಾರದೇನಿದೆಯೋ ತಿಳೀಲಿ, ಜನಾಜಾದಲ್ಲೇ ಕೂಗಿ ಹೇಳಿದ್ದೀವಿ, ಮುನಾವರ್ ಯಾರಿಗಾದ್ರೂ ಏನಾದ್ರೂ ಕೊಡೋದಿದ್ರೆ ಬಂದು ಹೇಳಿ ಅಂತ, ಅವನ ಮೇಲೆ ಯಾರ ಭಾರಾನೂ ಇರಬಾರದು. ಬಿರುಕುಬಿಟ್ಟ ಗಾಜಿನ ಮೇಲೆ ‘ಕಾರ್ ಮಾಗಡಿ’ ಅಂತ ಬರುತ್ತಿದೆ. ಅವನೇ ಸೇವ್ ಮಾಡಿದ್ದು. ಕೈ ತಾನೇ ಎತ್ತಿತು. ಏನ್ ಸಾರ್, ಮೂರು ದಿನದಿಂದ ಸ್ವಿಚ್ಚಾಫು, ಗಾಡಿ ಬೇಕೋ ಬೇಡ್ವೋ. ನಾನು ಅವರ ಹೆಂಡತಿ ಅಂದೆ. ಓ ಮೇಡಂ, ಸಾರ್‌ಗೆ ಕೊಡಿ. ಅವರಿಲ್ಲ. ಹೊರಗೆ ಹೋಗಿದ್ದಾರಾ. ಹೌದು ಅಂದೆ, ಯಾಕೆ ಹಾಗಂದೆ, ಇನ್ನೇನು ಅನ್ನಬೇಕಿತ್ತು. ನೀವೇ ಹೇಳಿಬಿಡಿ ಮೇಡಂ, ಗಾಡಿ ರೆಡಿ, ಪೇಪರ್ ಟ್ರಾನ್ಸ್‌ಫರ್‌ಗೆ ಇನ್ನೊಂದು ಹನ್ನೆರಡು ಹಾಕಿದ್ರೆ ಮನೆ ಬಾಗಿಲಿಗೇ ತಂದು ನಿಲ್ಲಿಸ್ತೀವಿ. ಗಾಡಿ ಎಲ್ಲಿದೆ. ಕನಕಪುರದಲ್ಲಿ ಮೇಡಂ. ಮಾಗಡಿ ಅಂದಿದ್ರಿ. ಹಾಂ ಹಾಂ, ಶಿಫ್ಟ್ ಮಾಡಿದ್ವಿ. ಭಾನುವಾರ ಅವರು ಬಂದಿದ್ದರಾ ಅಂತ ಕೇಳಿದೆ, ನನ್ನ ದನಿ ಕ್ಲಾಸಿನಲ್ಲಿ ಹಾಜರಿ ಕೂಗುವಷ್ಟೇ ಸಪಾಟಾಗಿತ್ತು. ಯಾವ ಭಾನುವಾರ, ಯಾರೂ ಬಂದಿಲ್ಲ ಮೇಡಂ ನಮ್ಮ ಹತ್ರ. ಯಾರೂ ಬಂದಿಲ್ಲ. ಇಟ್ಟುಬಿಟ್ಟೆ. ಬಂದಿಲ್ಲ ಅಂದರೆ ತಲುಪಿಲ್ಲ, ತಲುಪಿಲ್ಲ ಅಂದರೆ ಹೋಗುತ್ತಿದ್ದ, ಬಿಳೀ ಕಾರಿನ ಕಡೆಗೆ ಹೋಗುತ್ತಲೇ ಇದ್ದ — ಕಳ್ಳನ ಬಾಯಿಂದ ಬಂದ ಮಾತನ್ನು ಎದೆಗೆ ಒತ್ತಿಕೊಂಡು ಕೂತಿದ್ದೇನೆ, ಅವನಿಗೆ ಥ್ಯಾಂಕ್ಸ್ ಹೇಳಬೇಕು ಅನ್ನಿಸುತ್ತಿದೆ, ಎಂಥ ಹೆಂಗಸು ನಾನು. ಅಷ್ಟಕ್ಕೇ ಫೋನು ಕೆಳಗಿಡಬೇಕಿತ್ತು. ಇಡಲಿಲ್ಲ. ಲಾಕಿನ ಗೆರೆ ಗೊತ್ತು, ಎಳೆದೆ, ಭಾನುವಾರದ ಕರೆಗಳು. ಎಂಟಕ್ಕೆ ಮನೆ ಬಿಟ್ಟವನು. ಹತ್ತು ಐವತ್ತಕ್ಕೆ ಕಾರ್ ಮಾಗಡಿ, ಎತ್ತಿಲ್ಲ, ಹತ್ತು ಐವತ್ತೆರಡು, ಎತ್ತಿಲ್ಲ, ಒಂಬತ್ತು ಸಲ, ಹನ್ನೊಂದೂಕಾಲಿನ ತನಕ. ತಲುಪಿದ್ದ. ಆದರೂ ಒಂಬತ್ತು ಸಲ ಮಾಡುವವನಿಗೆ ಇನ್ನೂ ಆಸೆ ಇರುತ್ತದೆ ಅಲ್ಲವೆ, ಗೇಟು ಯಾವುದೋ ತಿಳಿಯದೆ ಮಾಡಿರಬಹುದು, ಯಾರೋ ಈಗ ಎತ್ತುತ್ತಾರೆ ಅಂತಲೇ ಮಾಡಿರಬಹುದು. ಆಮೇಲೆ ಹನ್ನೊಂದು ಮೂವತ್ತೆರಡಕ್ಕೆ ನಮ್ಮ ಓಣಿಯ ಮರಿಯಪ್ಪಣ್ಣ, ನಾಲ್ಕು ನಿಮಿಷ. ಆಮೇಲೆ ನಾನು, ನಲವತ್ತು ಸೆಕೆಂಡು, ಅಷ್ಟೂ ನನಗೆ ಬಾಯಿಪಾಠ — ಊಟ ಮಾಡು, ನಾನು ಲೇಟು. ಕಾರು ಹೆಂಗಿದೆ. ಬಂದು ಹೇಳ್ತೀನಿ. ಬಂದು ಹೇಳ್ತೀನಿ ಅನ್ನುವುದನ್ನು ಮೂರು ದಿನದಿಂದ ಎಲ್ಲ ರೀತಿಯಲ್ಲೂ ಹೇಳಿ ನೋಡಿದ್ದೇನೆ, ನಗುತ್ತ ಹೇಳಿದರೂ ಕೂರುತ್ತದೆ, ಸೋತು ಹೇಳಿದರೂ ಕೂರುತ್ತದೆ. ಹಿಂದೆ ಒಂದು ಹಸು ಕೂಗಿದ್ದು ಕೇಳಿಸಿತ್ತು. ಅಷ್ಟೆ. ಮರಿಯಪ್ಪಣ್ಣನ ಹತ್ತಿರ ನಾಲ್ಕು ನಿಮಿಷ ಏನು ಮಾತಾಡಿದ.

ಬೇಟಿ, ಆಸ್ಪತ್ರೆಯ ಚೀಲ ತೆಗಿ, ಅದರಲ್ಲಿ ಯಾರದಾದ್ರೂ ಇದ್ದರೆ ಕೊಟ್ಟುಬಿಡೋಣ. ತೆಗೆದೆ. ಪ್ಲಾಸ್ಟಿಕ್ಕು ಸದ್ದು ಮಾಡುತ್ತದೆ, ಎಷ್ಟು ಮೆಲ್ಲಗೆ ತೆಗೆದರೂ ಮಾಡುತ್ತದೆ. ಬಾಚಣಿಗೆ, ಪರ್ಸು, ಒಂದು ಕರವಸ್ತ್ರದ ಗಂಟು, ಗಂಟಿನೊಳಗೆ ದುಂಡಗೆ, ಕಪ್ಪಗೆ, ಚಕ್ಕುಲಿಯಷ್ಟು ಅಗಲದ ಮ್ಯಾಗ್ನೆಟ್ಟು, ಹಳೇ ಸ್ಪೀಕರಿನಿಂದ ಕಿತ್ತದ್ದು, ಮನೆಯ ಬೀಗದ ಕೈ ಅದಕ್ಕೆ ಅಂಟಿಕೊಂಡಿತ್ತು. ಮರಿಯಪ್ಪಣ್ಣನದು. ಓಣಿಯ ತುದಿಯ ಮನೆ, ಮೂವತ್ತು ವರ್ಷ ಗೂಡಿನ ಮೂಟೆಯ ಟೆಂಪೋ ಓಡಿಸಿದವರು, ಗಾಡಿಯ ವಿಷಯ ಅಂದರೆ ಓಣಿಗೆಲ್ಲ ಅವರೇ. ಟೋಕನ್ ಹಾಕಿದ ಮೇಲೆ ಮುನಾವರ್ ಅವರಿಗೆ ಹೇಳಿದ, ಮೇಲೆ, ಮೊದಲಲ್ಲ. ನಮ್ಮ ಬಾಗಿಲಲ್ಲೇ ನಿಂತು ಬೈದರು, ನೋಡ್ದಲೇ ಹಾಕ್‌ಬುಟ್ಯೇನ್ಲಾ, ಹಿಡಿ ಗೂಡು ತಗೋಳಕ್ಕೆ ಮೊಳಕೈಗಂಟ ಕೈ ಇಕ್ತೀಯ, ಕಾರ ಫೋಟೋದಾಗೆ ತಗೋತೀಯಾ, ಸರಿ ಬುಡು, ಫೋಟೋದಾಗೇ ಕೂರಿಸ್ಕಂಡು ಹೋಗು ಹೆಂಡ್ತೀನ ಮಾಗಡಿಗೆ. ಪಕ್ಕದ ಮನೆಯ ರೀಲರುಗಳೆಲ್ಲ ಕೈಯಲ್ಲಿ ಎಳೆ ಹಿಡಿದುಕೊಂಡೇ ಆಚೆ ಬಂದು ನಕ್ಕರು, ಇವನೂ ನಕ್ಕ, ಕಿವಿ ಮಾತ್ರ ಕೆಂಪಾಗಿತ್ತು. ಆಮೇಲೆ ಅವರೇ ಮರುಗಿ ಇದನ್ನು ತಂದುಕೊಟ್ಟರು, ತಗೋ, ಬಾನೆಟ್ಟು ಡೋರು ಎಲ್ಲಾ ಕಡೆ ಇಟ್ಟು ನೋಡು, ಎಲ್ಲಿ ಅಂಟಲ್ವೋ ಅಲ್ಲಿ ಒಳಗೆ ಪುಟ್ಟಿ ಮೆತ್ತವ್ರೆ, ಆಕ್ಸಿಡೆಂಟ್ ಗಾಡಿ ಅಂತ ಲೆಕ್ಕ. ಶನಿವಾರ ಸಂಜೆಯೆಲ್ಲ ಮನೆಯ ಸಾಮಾನಿಗೆಲ್ಲ ಇಟ್ಟು ನೋಡಿದ, ಅಗುಳಿಗೆ, ಹಂಚಿಗೆ, ಅತ್ತೆಯ ಟ್ರಂಕಿಗೆ, ಕೊನೆಗೆ ನನ್ನ ಕೆನ್ನೆಗೆ ಇಟ್ಟು, ತಣ್ಣಗಿತ್ತು, ಅರೆರೆ, ಇಲ್ಲಿ ಅಂಟ್ತಾನೇ ಇಲ್ಲ, ಪುಟ್ಟಿ ಮೆತ್ತಿ ಕೊಟ್ಟವ್ರೆ ನಿಮ್ಮಪ್ಪ ಅಂದ. ಹೊಡೆದೆ. ಇನ್ನೊಂದು ಸಲ ಇಡು ಅನ್ನಬೇಕಿತ್ತು. ಬೀಗದ ಕೈಯನ್ನು ಎಳೆದು ಬಿಡಿಸಿದೆ. ಮರಿಯಪ್ಪಣ್ಣನಿಗೆ ಹೇಳಿಕಳಿಸಿ ಅಮ್ಮಿ ಅಂದೆ, ಅವರ ವಸ್ತು ಇದೆ, ನನ್ನ ಕೈಯಾರೆ ಕೊಡಬೇಕು. ಪರದೆ ಹಾಕ್ಕೋ ಅಂದರು, ಇದ್ದತ್ತಿನಲ್ಲಿ ಪರಪುರುಷರ ಮುಂದೆ ಬರಬಾರದು, ಬೇಡ ಅನ್ನಲಿಲ್ಲ, ಭಾರ ಇಳಿಯಲಿ ಅಂತ ಅವರಿಗೆ. ನನಗೆ ಆ ನಾಲ್ಕು ನಿಮಿಷ ಬೇಕು.

ಬಂದಿದ್ದಾರೆ, ಚಪ್ಪಲಿ ಬಿಟ್ಟ ಸದ್ದು, ಬೀಡಿಯ ವಾಸನೆ, ಪರದೆಯ ಕೆಳಗೆ ಅವರ ಪಾದ ಕಾಣುತ್ತಿದೆ, ಬಿರಿದ ಹಿಮ್ಮಡಿ. ಇದ್ಯಾಕವ್ವ ಈಗ, ಒಂದು ತುಂಡು ಕಬ್ಬಿಣ, ಇಟ್ಕಬೋದಿತ್ತು ಅಂತಿದ್ದಾರೆ, ಮೂಗು ಒರೆಸಿಕೊಳ್ಳುತ್ತಿದ್ದಾರೆ, ಬೈದ್‌ಬುಟ್ನಲ್ಲವ್ವ ಅವತ್ತು ಎಲ್ಲರ ಮುಂದೆ, ಅದೊಂದು ಚುಚ್ತಾ ಐತೆ. ಅಣ್ಣಾ, ಆವತ್ತು ನಿಮಗೆ ಫೋನು ಮಾಡಿದ್ದರಲ್ಲ, ಏನಂದರು ಅಂತ ಕೇಳಿದೆ. ಪರದೆಗೆ ಕೇಳಿದ ಹಾಗೆ ಕೇಳಿದೆ. ಅವರ ದನಿ ಒಮ್ಮೆಗೇ ಅರಳಿತು, ಮಾಡಿದ್ದ ಕಣವ್ವ, ಹೇಳಾಣ ಅಂತಾನೇ ಇದ್ದೆ ನಿಂಗೆ, ಗಾಡಿ ಮುಂದೇನೆ ನಿಂತ್ಕಂಡು ಮಾಡಿದ್ದ, ನಾನೇ ಕೇಳ್ದೆ, ಇಟ್ಟು ನೋಡ್ದೇನ್ಲಾ ಅಂತ, ನೋಡ್ದೆ ಅಣ್ಣ, ಬಾನೆಟ್ಟು, ನಾಕೂ ಡೋರು, ಡಿಕ್ಕಿ, ಎಲ್ಲಾ ಕಡೆ ಅಂಟ್ತು, ಒಸೀನೂ ಪುಟ್ಟಿ ಇಲ್ಲ, ನೀನು ಸುಮ್ನೆ ಬೈದೆ ಅಂದ, ನಗ್ತಾ ಇದ್ದ ಕಣವ್ವ, ಅಷ್ಟು ಖುಷಿಯಾಗಿ ಅವನು ಮಾತಾಡಿದ್ದೇ ನಾನು ಕೇಳಿಲ್ಲ, ಆ ಖುಷೀಲೇ ಹೋದ ಅಂದ್ಕೋ, ಅದೊಂದು ಸಮಾಧಾನ. ಆಮೇಲೆ ದನಿ ತಗ್ಗಿಸಿ, ಆ ಗಾಡಿ ಏನಾಯ್ತು ವಿಚಾರಿಸ್ಲಾ ಅಂದರು. ಬೇಡ ಅಣ್ಣ ಅಂದೆ. ಒಳ್ಳೇ ಗಾಡಿ ಕಣವ್ವ. ಗೊತ್ತು ಅಂದೆ. ಪರದೆಯ ಸಂದಿಯಿಂದ ಕೈ ಚಾಚಿದ್ದೇನೆ, ಬಳೆಯಿಲ್ಲದ ಕೈ, ನನ್ನದೇ, ಅಂಗೈಯ ಭಾರ ಇನ್ನೊಂದು ಅಂಗೈಗೆ ಹೋಯಿತು, ಹೋಗಿ ಬತ್ತೀನವ್ವ ಅಂದರು, ಪಾದಗಳು ಹೋದವು, ಪಕ್ಕದ ಮೋಟರು ಓಡುತ್ತಿದೆ, ಬೇಟಿ ಕೊಟ್ಟೆಯಾ ಅಂತಿದ್ದಾರೆ ಅತ್ತೆ, ಕೊಟ್ಟೆ, ಕೈ ಇನ್ನೂ ಚಾಚಿಯೇ ಇದೆ — ಹನ್ನೊಂದೂವರೆಯ ಬಿಸಿಲು, ಯಾರದೋ ತೆಂಗಿನ ತೋಟದ ಬೇಲಿ, ಒಂದು ಹಸು, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಮುನಾವರ್, ಏನೂ ಇಲ್ಲದ ಕಡೆ, ಬಾಗಿಲಿನಷ್ಟು ಎತ್ತರಕ್ಕೆ ಕೈ ಎತ್ತಿ, ಮ್ಯಾಗ್ನೆಟ್ಟನ್ನು ಗಾಳಿಗೆ ಒತ್ತಿ ಹಿಡಿಯುತ್ತಾನೆ, ಅಂಟ್ತು ಅಣ್ಣ ಅನ್ನುತ್ತಾನೆ, ಒಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತಾನೆ, ಮತ್ತೆ ಕೈ ಎತ್ತುತ್ತಾನೆ, ಗಾಳಿಗೆ ಒತ್ತುತ್ತಾನೆ, ಇಲ್ಲೂ ಅಂಟ್ತು, ನಗುತ್ತಾನೆ, ಇನ್ನೊಂದು ಹೆಜ್ಜೆ, ಕೈ ಎತ್ತುತ್ತಾನೆ, ಗಾಳಿಗೆ ಒತ್ತಿ ಹಿಡಿಯುತ್ತಾನೆ, ಹಿಡಿದೇ ಇದ್ದಾನೆ