ಬಿರುಕು ಮುಚ್ಚಬೇಡಿ, ಮೊದಲು ತೋರಿಸಿ

ಪಕ್ಕದ ಖಾಲಿ ಜಾಗಕ್ಕೆ ಮಣ್ಣು ಅಗೆಯುವ ಯಂತ್ರ ಬಂದಿಳಿದ ದಿನವೇ ನಮ್ಮ ಅಡುಗೆಮನೆಯ ಲೋಟಗಳು ಗಡಗಡ ಎನ್ನತೊಡಗಿದವು. ದೊಡ್ಡ ಕಟ್ಟಡ ಬರುತ್ತದಂತೆ, ಅದರ ಕೆಳಗೆ ಕಾರು ನಿಲ್ಲಿಸಲು ನೆಲಮಾಳಿಗೆಯಂತೆ. ಕಟ್ಟಲಿ, ಯಾರು ಬೇಡ ಅಂದರು? ಆದರೆ ಆ ಪುಣ್ಯಾತ್ಮರು ನಮ್ಮ ಗೋಡೆಯ ಬುಡಕ್ಕೇ ಹಳ್ಳ ತೋಡಿದರು. ವಾರ ಕಳೆಯುವುದರೊಳಗೆ ಅತ್ತೆಯ ಕೋಣೆಯ ಗೋಡೆ ಸೂರಿನಿಂದ ನೆಲದವರೆಗೆ ಸೀಳಿತು. ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತು, ಏನು ಮಾಡಿದರೂ ಮುಚ್ಚದು.

ಅತ್ತೆಯ ಹಾಸಿಗೆಯನ್ನು ಹಜಾರಕ್ಕೆ ಎಳೆದು ತಂದೆವು. ಮಾವ ಹೋದ ಮೇಲೆ ಅವರು ಮನೆಮನೆಗೆ ಬಟ್ಟೆ ಇಸ್ತ್ರಿ ಮಾಡಿಕೊಟ್ಟು ಕಟ್ಟಿಸಿದ ಮನೆ ಇದು. "ಈ ಗೋಡೆ ಬಿದ್ರೆ ಈ ವಯಸ್ಸಲ್ಲಿ ನಾನು ಇನ್ನೊಂದು ಮನೆ ಕಟ್ಟೋಕಾಗುತ್ತಾ?" ಎಂದರು.

ಬೇರೆ ಯಾರೇ ಆಗಿದ್ದರೂ ಅಂದೇ ಹೋಗಿ ಜಗಳ ಕಾಯುತ್ತಿದ್ದರು. ನಮ್ಮ ಯಜಮಾನರು ಪೇಂಟರ್. ಬಿರುಕು ಕಂಡರೆ ಅವರಿಗೆ ಕೋಪ ಬರುವುದಿಲ್ಲ, ಕೈ ತುರಿಸುತ್ತದೆ! ನಾನು ಸಂತೆಗೆ ಹೋಗಿ ಬರುವಷ್ಟರಲ್ಲಿ ಪುಟ್ಟಿ ಕಲಸಿ, ಸೀಳನ್ನು ತುಂಬಿ, ಉಜ್ಜಿ, ಬಣ್ಣವನ್ನೂ ಬಳಿದು ಮುಗಿಸಿದ್ದರು. ಗೋಡೆ ಹೊಸದರಂತೆ ಹೊಳೆಯುತ್ತಿತ್ತು.

"ಹೇಗಿದೆ?" ಎಂದು ಹಿಗ್ಗಿದರು.

"ಬಣ್ಣ ಚೆನ್ನಾಗಿದೆ, ಗೋಡೆ ನಿಲ್ಲುತ್ತಾ ಅಂತ ಹೇಳಿ" ಎಂದೆ. ಆಗ ಮಾತ್ರ ಅವರಿಗೆ ಕಿವಿ ಕೇಳಿಸುವುದಿಲ್ಲ.

ಪಕ್ಕದ ಕಟ್ಟಡ ಕಟ್ಟಿಸುತ್ತಿದ್ದ ಬಿಲ್ಡರ್‌ನನ್ನು ನಾನೇ ಕರೆದುಕೊಂಡು ಬಂದೆ. ಅವನು ಕೋಣೆಯೊಳಗೆ ಒಂದು ಸುತ್ತು ಹಾಕಿ, ಗೋಡೆ ಸವರಿ ನೋಡಿ, ನಕ್ಕುಬಿಟ್ಟ. "ಎಲ್ಲಮ್ಮಾ ಬಿರುಕು? ಕೂದಲೆಳೆಯಷ್ಟೂ ಕಾಣಿಸ್ತಿಲ್ಲ. ಸುಮ್ನೆ ಯಾಕೆ ನನ್ನ ಟೈಮ್ ಹಾಳ್ ಮಾಡ್ತೀರಿ?"

ಯಜಮಾನರು ತಲೆ ಕೆರೆದುಕೊಂಡು ನಿಂತರು. ಅವನ ಎದುರು ಅವರಿಗೆ ಬಾಯೇ ಬರುವುದಿಲ್ಲ. ಅವನ ಕಟ್ಟಡಗಳ ಬಣ್ಣದ ಕೆಲಸದಿಂದಲೇ ನಮ್ಮ ಒಲೆ ಉರಿಯುತ್ತಿದ್ದುದು. ಅವನ ಸ್ವಂತ ಮನೆಗೂ ಬಣ್ಣ ಬಳಿದವರು ಇವರೇ.

ಸಂಜೆ ನಾದಿನಿ ಬಂದಳು. ಉಚಿತ ಕಾನೂನು ನೆರವು ಕೇಂದ್ರದಲ್ಲಿ ಅವಳಿಗೆ ಕೆಲಸ. ವಿಷಯ ಕೇಳಿದ್ದೇ ತಡ, ಅಣ್ಣನ ಮೇಲೆ ಮುಗಿಬಿದ್ದಳು.

"ಅಯ್ಯೋ ಅಣ್ಣಾ! ಸಾಕ್ಷಿನೇ ಅಳಿಸಿ ಹಾಕಿದ್ಯಲ್ಲೋ! ಕಳ್ಳ ಬಂದು ಹೋದ ಮೇಲೆ ಅವನ ಹೆಜ್ಜೆ ಗುರುತನ್ನ ನೀನೇ ಒರೆಸಿದ ಹಾಗಾಯ್ತು."

"ಅಂದ್ರೆ ನಮ್ಮನೆ ಗೋಡೆ ಸರಿ ಮಾಡ್ಕೊಳ್ಳೋದೂ ತಪ್ಪಾ?"

"ಸರಿ ಮಾಡೋದು ತಪ್ಪಲ್ಲ. ಫೋಟೊ ತೆಗೀದೆ, ಯಾರಿಗೂ ತೋರಿಸ್ದೆ ಮುಚ್ಚಿದ್ದು ತಪ್ಪು. ಪಕ್ಕದಲ್ಲಿ ಅಗೆಯೋರು ನಿನ್ನ ಮನೆಗೆ ಆಧಾರ ಕೊಟ್ಟು ಅಗೀಬೇಕು. ಕೊಡದೆ ಅಗೆದು ಹಾನಿಯಾದ್ರೆ ಅದನ್ನ ತುಂಬಿಕೊಡೋದು ಅವರ ಹೊಣೆ. ಅದು ದಾನ ಅಲ್ಲ ಅಣ್ಣಾ, ನಮ್ಮ ಹಕ್ಕು."

"ದೊಡ್ಡೋರ ಸಹವಾಸ ಬೇಡ ಕಣೇ. ನಾಳೆ ಅವನು ಕೆಲಸ ಕೊಡದಿದ್ರೆ?"

"ನಾಳೆ ಗೋಡೆ ಅಮ್ಮನ ಮೇಲೆ ಬಿದ್ರೆ?" ಎಂದಳು ನಾದಿನಿ. ಅವರು ಎದ್ದು ಹೊರಗೆ ಹೋದರು.

ನಾದಿನಿ ಸುಮ್ಮನಿರುವವಳಲ್ಲ. ನನ್ನ ಮೊಬೈಲ್ ಕಿತ್ತುಕೊಂಡು ನುಣ್ಣಗಿದ್ದ ಆ ಗೋಡೆಯನ್ನೇ ಮೂಲೆಮೂಲೆಯಿಂದ ಫೋಟೊ ತೆಗೆದಳು. ಕಿಟಕಿಯಿಂದ ಹಳ್ಳವನ್ನೂ ತೆಗೆದಳು. "ಏನೂ ಇಲ್ಲದ ಗೋಡೆಯ ಫೋಟೊ ಯಾಕೇ?" ಎಂದೆ. "ಇರಲಿ ಅತ್ತಿಗೆ, ಅಗೆತ ಇನ್ನೂ ನಿಂತಿಲ್ಲವಲ್ಲ" ಎಂದಳು.

ಅವಳು ಹೇಳಿದಂತೆಯೇ ಆಯಿತು. ಯಂತ್ರ ಇನ್ನಷ್ಟು ಆಳಕ್ಕಿಳಿಯಿತು. ಯಜಮಾನರ ಹೊಸ ಪುಟ್ಟಿಯನ್ನು ಸೀಳಿಕೊಂಡು ಬಿರುಕು ಮತ್ತೆ ಬಾಯಿಬಿಟ್ಟಿತು. ಈ ಸಲ ಅಂಗೈಯನ್ನೇ ತೂರಿಸಬಹುದಿತ್ತು. ನಾನು ಫೋಟೊ ತೆಗೆದೆ, ಮರುದಿನ ಮತ್ತೆ ತೆಗೆದೆ. ನಗರಸಭೆಗೆ ಲಿಖಿತ ದೂರು ಕೊಟ್ಟು, ಕೊಟ್ಟಿದ್ದಕ್ಕೆ ಮೊಹರು ಹಾಕಿಸಿಕೊಂಡು ಬಂದೆ.

ದೂರಿನ ಸುದ್ದಿ ಮುಟ್ಟಿದ ಕೂಡಲೇ ಬಿಲ್ಡರ್ ಹಣ್ಣಿನ ಬುಟ್ಟಿ ಹಿಡಿದು ಬಂದ. ಎಂಥ ವಿನಯ ಅಂತೀರಿ! "ನಾವು ಅಕ್ಕಪಕ್ಕದವರು. ಬಣ್ಣದ ಖರ್ಚು ಕೊಡ್ತೀನಿ. ಮುಂದೆ ಏನೂ ಕೇಳಲ್ಲ ಅಂತ ಇಲ್ಲೊಂದು ಸಹಿ ಹಾಕಿ ಸಾಕು."

ಯಜಮಾನರು ಪೆನ್ನು ಹಿಡಿದೇಬಿಟ್ಟರು! ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹಾಸಿಗೆಯಿಂದೆದ್ದು ಬಂದು ಪೆನ್ನು ಕಿತ್ತುಕೊಂಡರು.

"ಬೀಳ್ತಿರೋದು ನನ್ನ ಕೋಣೆ. ಮನೆ ಇರೋದು ನನ್ನ ಹೆಸರಲ್ಲಿ. ಸಹಿ ಹಾಕೋಕೆ ನೀನ್ಯಾರೋ?" ಮಗನಿಗೆ ಹೀಗಂದು ಬಿಲ್ಡರ್ ಕಡೆ ತಿರುಗಿದರು. "ಹಣ್ಣು ತಗೊಂಡು ಹೋಗಪ್ಪಾ. ನನಗೆ ಬಣ್ಣ ಬೇಡ, ಗೋಡೆ ಬೇಕು."

ಬಿಲ್ಡರ್ ಮುಖ ಹುಳ್ಳಗೆ ಮಾಡಿಕೊಂಡು ಹೊರಟ. ಬುಟ್ಟಿಯನ್ನು ಮಾತ್ರ ಮರೆಯದೆ ಒಯ್ದ.

ಕಾನೂನು ನೆರವು ಕೇಂದ್ರ ಖರ್ಚಿಲ್ಲದೆ ವಕೀಲರನ್ನು ಕೊಟ್ಟಿತು. ಅತ್ತೆಯ ಹೆಸರಲ್ಲಿ ದಾವೆ ಹೂಡಿದೆವು. ನ್ಯಾಯಾಲಯ ಎರಡೂ ಕಡೆಗೆ ಸೇರದ ಎಂಜಿನಿಯರ್ ಒಬ್ಬರನ್ನು ಕಳಿಸಿತು. ಆಕೆ ಹಳ್ಳ ಅಳೆದರು, ಗೋಡೆ ಅಳೆದರು, ಫೋಟೊಗಳನ್ನು ಒಂದೊಂದಾಗಿ ನೋಡಿದರು.

ವಿಚಾರಣೆಯ ದಿನ ಯಜಮಾನರು ಸಾಕ್ಷಿ ಹೇಳಲು ನಿಂತರು. ಅವರು ಅಂಗಿಯ ತುದಿ ತಿರುವುತ್ತಿರುವುದು ನನಗೆ ಹಿಂದಿನ ಬೆಂಚಿಗೂ ಕಾಣುತ್ತಿತ್ತು. ಬಿಲ್ಡರ್‌ನ ವಕೀಲರು ಶುರು ಮಾಡಿದರು. "ಗೋಡೆಗೆ ಪುಟ್ಟಿ ತುಂಬಿದವರು ನೀವೇ ತಾನೇ?"

"ಹೌದು ಸ್ವಾಮಿ."

"ಅದು ಬಿರುಕು ಬಿಟ್ಟಿತು. ಅಂದ್ರೆ ಅಗೆತದಿಂದ ಏನೂ ಆಗಿಲ್ಲ, ನಿಮ್ಮ ಕೆಲಸವೇ ಕಳಪೆ. ಒಪ್ಕೋತೀರಾ?"

ಅಬ್ಬಾ! ಏನು ಬೇಕಾದರೂ ಅನ್ನಿ, ಅವರ ಕೆಲಸ ಕಳಪೆ ಅನ್ನಬೇಡಿ. ಅಂಗಿಯ ತುದಿ ಬಿಟ್ಟು ನೆಟ್ಟಗೆ ನಿಂತರು.

"ಕಳಪೆನಾ? ಇದೇ ಪುಟ್ಟಿ, ಇದೇ ಕೈ, ಇವರ ಮನೆ ಹಜಾರಕ್ಕೆ ತುಂಬಿದ್ದು ನಾನೇ ಸ್ವಾಮಿ!" ಎಂದು ಬಿಲ್ಡರ್ ಕಡೆ ಬೆರಳು ತೋರಿಸಿದರು. "ಕೇಳಿ ಅವರನ್ನ, ಅಲ್ಲಿ ಒಂದು ಗೀರು ಬಿದ್ದಿದೆಯಾ ಅಂತ! ಅವರ ಗೋಡೆ ಪಕ್ಕ ಯಾರೂ ಹಳ್ಳ ತೋಡಿಲ್ಲ, ಅದಕ್ಕೆ ನಿಂತಿದೆ. ನನ್ನ ತಾಯಿ ಕೋಣೆ ಪಕ್ಕ ತೋಡಿದ್ರು, ಅದಕ್ಕೆ ಸೀಳಿದೆ!"

ನ್ಯಾಯಾಧೀಶರು ಬಿಲ್ಡರ್ ಕಡೆ ನೋಡಿದರು. ಬಿಲ್ಡರ್ ನೆಲ ನೋಡಿದ. ನಾನು ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡೆ. ಆಮೇಲೆ ಎಂಜಿನಿಯರ್ ಎದ್ದು ತಮ್ಮ ವರದಿ ಓದಿದರು. ಗೋಡೆಗೆ ಆಧಾರ ಕೊಡದೆ ಅಗೆದದ್ದರಿಂದ ಅಡಿಪಾಯ ಕುಸಿದಿದೆ, ನುಣ್ಣಗಿದ್ದ ಗೋಡೆ ಅಗೆತ ಆಳಕ್ಕಿಳಿದಂತೆ ಮತ್ತೆ ಸೀಳಿದ್ದು ಫೋಟೊಗಳಲ್ಲೇ ಕಾಣುತ್ತದೆ ಎಂದರು.

ತೀರ್ಪು ನಮ್ಮ ಕಡೆಯಾಯಿತು. ಮೊದಲು ತಡೆಗೋಡೆ ಕಟ್ಟಬೇಕು, ಅಲ್ಲಿಯವರೆಗೆ ಅಗೆತ ನಿಲ್ಲಬೇಕು. ನಮ್ಮ ಅಡಿಪಾಯ, ಗೋಡೆ, ನೆಲ ಎಲ್ಲದರ ದುರಸ್ತಿ ವೆಚ್ಚ, ದುರಸ್ತಿ ಮುಗಿಯುವವರೆಗೆ ನಾವು ಬೇರೆ ಕಡೆ ಇರಲು ಬಾಡಿಗೆ, ಎಲ್ಲವೂ ಬಿಲ್ಡರ್ ತಲೆಗೆ. ಅತ್ತೆ ನ್ಯಾಯಾಲಯದ ಮೆಟ್ಟಿಲಲ್ಲೇ ಕೂತು ಅತ್ತರು. "ಸಂತೋಷಕ್ಕೆ ಕಣೇ, ಸಂತೋಷಕ್ಕೆ" ಎಂದು ನನ್ನನ್ನೇ ಗದರಿದರು.

ಈಗ ಅವರು ತಮ್ಮ ಕೋಣೆಯಲ್ಲೇ ಗೊರಕೆ ಹೊಡೆಯುತ್ತಾರೆ. ಆ ಬಿಲ್ಡರ್ ಯಜಮಾನರಿಗೆ ಕೆಲಸ ಕೊಡುವುದು ನಿಲ್ಲಿಸಿದ, ಅದೂ ನಿಜ. ಆದರೆ ನ್ಯಾಯಾಲಯದ ಮಾತು ಊರೆಲ್ಲ ಹಬ್ಬಿ, ಬಣ್ಣಕ್ಕೆ ಕರೆಯುವವರು ಹೆಚ್ಚಿದ್ದಾರೆ. ಇವರೋ, ಯಾರ ಮನೆಯಲ್ಲಿ ಬಿರುಕು ಕಂಡರೂ ಡಬ್ಬಿ ತೆರೆಯುವ ಮೊದಲು, "ಪಕ್ಕದಲ್ಲಿ ಏನಾದ್ರೂ ಅಗೀತಿದ್ದಾರಾ? ಫೋಟೊ ತೆಗೆದ್ರಾ?" ಎಂದು ವಕೀಲರ ಹಾಗೆ ಕೇಳುತ್ತಾರೆ. ನನಗೆ ನಗು, ಹೆಮ್ಮೆ, ಎರಡೂ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಪಕ್ಕದಲ್ಲೂ ನಾಳೆ ಯಂತ್ರ ಬರಬಹುದು. ಬರುವ ಮೊದಲೇ ನಿಮ್ಮ ಗೋಡೆ, ನೆಲ, ಸೂರುಗಳ ಫೋಟೊ ತೆಗೆದಿಡಿ. ಹಾನಿ ಕಂಡರೆ ಮತ್ತೆ ತೆಗೆಯಿರಿ, ಬರವಣಿಗೆಯಲ್ಲಿ ದೂರು ಕೊಟ್ಟು ಮೊಹರು ಹಾಕಿಸಿಕೊಳ್ಳಿ. ಗೋಡೆ ಬೀಳುವಂತಿದ್ದರೆ ಮೊದಲು ಜನರನ್ನು ಆಚೆ ಕರೆತನ್ನಿ. ಯಾರು ಎಷ್ಟೇ ಸಿಹಿ ಮಾತಾಡಲಿ, ತಿಳಿದವರಿಗೆ ತೋರಿಸದೆ ಯಾವ ಕಾಗದಕ್ಕೂ ಸಹಿ ಬೇಡ. ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಕೈಚೆಲ್ಲಬೇಡಿ, ನಿಮ್ಮ ಹತ್ತಿರದ ಕಾನೂನು ನೆರವು ಕೇಂದ್ರಕ್ಕೆ ಹೋಗಿ ಕೇಳಿ. ಕಾನೂನಿನ ಮುಂದೆ ನಿಂತು ಗಟ್ಟಿಯಾಗಿ ಮಾತಾಡಿ. ನಮ್ಮ ಪೇಂಟರ್‌ಗೇ ಬಾಯಿ ಬಂತೆಂದರೆ, ನಿಮಗೆ ಬಾರದೆ ಇರುತ್ತದೆಯೇ?